ಕಂದು ಚುಕ್ಕಿ

೨೦೨೫ ಸೆಪ್ಟೆಂಬರ್ ೫, ಶುಕ್ರವಾರ

ಈ ಮನೆಯೊಳಗೆ ಫಾರ್ಮಲಿನ್ ಬರುವುದಿಲ್ಲ. ಇವತ್ತು ಬಂದಿತ್ತು. ಹೊರಗೆ ಹಾಕಿದೆ.

ಮಗ ಸುಧೀರನ ಹೆಂಡತಿಯ ಎಡಗಡೆ ಎದೆಯಲ್ಲಿ ಗಂಟಿದೆ. ಎಷ್ಟು ಸಮಯವಾಯಿತು ಎಂದು ಕೇಳಿದರೆ ಮಾವಿನ ಮಿಡಿ ಉಪ್ಪಿಗೆ ಹಾಕುವಾಗಲೇ ಇತ್ತು ಎಂದಳು. ಮಳೆಗಾಲವಿಡೀ ಬಾಯಿ ಬಿಟ್ಟಿಲ್ಲ. ಯಾಕೆ ಎಂದರೆ, "ನಿಮ್ಗೆ ಹೇಳುಕೆ ಹೆದ್ರಿಕೆ ಆಯ್ತ್ ಅತ್ತೆ" ಅಂತೆ. ನಾನೇನು ಹುಲಿಯೇ?

ಯಡ್ತರೆಯ ಗದ್ದೆಯವರ ಮನೆಯಿಂದ ಬಂದವಳು. ನಮ್ಮ ಪೈಕಿಯವರೇ, ಆದರೆ ಎರಡು ತಲೆಮಾರಿನಿಂದ ಬಲೆ ಬಿಟ್ಟು ನೇಗಿಲು ಹಿಡಿದವರು. ಈ ಮನೆಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಬಂಗಡೆಯ ಕಿವಿರು ಎತ್ತಿ ನೋಡುವಾಗ ಮುಖ ಸಿಂಡರಿಸುತ್ತಾಳೆ. ಆಗಾಗ ಅವಳ ಅಣ್ಣ ಚಂದ್ರ ಒಂದು ಕಟ್ಟು ಹರಿವೆ ಸೊಪ್ಪು ಹಿಡಿದುಕೊಂಡು ಬರುತ್ತಾನೆ. ಕೋಡಿಯ ಮೀನಿನವರ ಮನೆಗೆ ಸೊಪ್ಪು. ಅವನು ಗೇಟು ದಾಟಿದ ಮೇಲೆ ಪಕ್ಕದ ಮನೆಯ ದನಕ್ಕೆ ಹಾಕಿಸುತ್ತೇನೆ.

ಸಂಜೆ ಕುಂದಾಪುರದ ಡಾಕ್ಟರು ಗಂಟಿಗೆ ಸೂಜಿ ಹಾಕಿ ನಾಲ್ಕೈದು ಚೂರು ತೆಗೆದರು. ದಾರದ ತುಂಡಿನಷ್ಟು ಸಪೂರ. ಬಾಟಲಿಗೆ ಹಾಕಿ, ನಾಳೆ ಬೆಳಿಗ್ಗೆ ಬ್ರಹ್ಮಾವರದ ಲ್ಯಾಬಿಗೆ ಮುಟ್ಟಿಸಿ ಎಂದರು. ಸುಧೀರ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಬಚ್ಚಲಿನಿಂದ ಬರುವಾಗಲೇ ನನ್ನ ಮೂಗಿಗೆ ಬಡಿಯಿತು.

ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಹೊರಗಿನ ಮೀನಿಗೆ ಫಾರ್ಮಲಿನ್ ಹಾಕುತ್ತಾರೆಂದು ಸುದ್ದಿ ಹಬ್ಬಿ ಜನ ಮೀನು ತಿನ್ನುವುದನ್ನೇ ಬಿಟ್ಟಿದ್ದ ಸಮಯದಲ್ಲಿ, ಎಲ್ಲಿಂದಲೋ ಬಂದ ಲಾರಿಯ ಕ್ರೇಟು ಮೂಸಿ ನೋಡಿ ಲಾರಿಯನ್ನು ಸೇತುವೆಯ ಬುಡದಿಂದಲೇ ಹಿಂದೆ ಕಳಿಸಿದವಳು ನಾನು. ಮರುದಿನವೇ ಅಂಗಡಿಗೆ ಬೋರ್ಡು ಬರೆಸಿದೆ. "ಫಾರ್ಮಲಿನ್ ಮುಟ್ಟದ ಮೀನು. ಜಲಜ, ಕೋಡಿ." ಇವತ್ತಿಗೂ ಕೋಟೇಶ್ವರದಿಂದ ಕಾರು ಮಾಡಿಕೊಂಡು ಬರುವವರು ಆ ಬೋರ್ಡು ನಂಬಿ ಬರುವವರು.

ಸತ್ತು ವಾರವಾದದ್ದನ್ನು ಈಗಷ್ಟೇ ಹಿಡಿದ ಹಾಗೆ ತೋರಿಸುವ ನೀರು ಅದು. ಸುಳ್ಳು ಹೇಳಿಸುವ ನೀರು. ಅದರಲ್ಲಿ ಮುಳುಗಿಸಿದ ಮಾಂಸ ಡಾಕ್ಟರ ಹತ್ತಿರ ಮಾತ್ರ ಸತ್ಯ ಹೇಳುತ್ತದೆಯೇ?

ಹಿತ್ತಿಲಲ್ಲಿ ಗುಂಡಿ ತೋಡಿ ಬಾಟಲಿಯ ನೀರನ್ನು ಸುರಿದೆ. ವಾಸನೆ ಹೋಗುವವರೆಗೆ ಚೂರುಗಳನ್ನು ಮೂರು ನೀರಿನಲ್ಲಿ ತೊಳೆದೆ. ಬಾಟಲಿಯನ್ನು ಕುದಿನೀರಿಗೆ ಅದ್ದಿ ತೆಗೆದು, ಚೂರು ಹಾಕಿ, ಪುಡಿ ಐಸಿನ ನಡುವೆ ಅಂಜಲ್ ಮೀನು ಇಡುವಷ್ಟೇ ಜಾಗ್ರತೆಯಿಂದ ಇಟ್ಟೆ. ಐಸು ಹಾಕುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಯಾರಿಗೂ ಹೇಳಲಿಲ್ಲ. ನನ್ನ ಮನೆ, ಯಾರಿಗೆ ಹೇಳಬೇಕು?

ಸೆಪ್ಟೆಂಬರ್ ೬, ಶನಿವಾರ

ನಮ್ಮ ಮೀನನ್ನು ಬ್ರಹ್ಮಾವರಕ್ಕೆ ಒಯ್ಯುವ ಟೆಂಪೊದ ಡ್ರೈವರ್ ಗುಡ್ಡನ ಕೈಯಲ್ಲಿ ಐಸ್ ಪೆಟ್ಟಿಗೆ ಕಳಿಸಿದೆ. ಅವನ ಸೀಟಿನ ಪಕ್ಕದಲ್ಲೇ ಇಡಿಸಿದೆ. "ಎಂತ ಜಲಜಕ್ಕ, ಇದ್ ಮಂತ್ರಿ ಮನಿ ಮೀನಾ?" ಎಂದ. ಸುಮ್ಮನೆ ಗಾಡಿ ಬಿಡು ಎಂದೆ.

ಸೆಪ್ಟೆಂಬರ್ ೧೦, ಬುಧವಾರ

ಲ್ಯಾಬಿನಿಂದ ಫೋನು. ಚೂರುಗಳು ಸರಿ ಇಲ್ಲವಂತೆ, ಏನೂ ಹೇಳಲು ಬರುವುದಿಲ್ಲವಂತೆ, ಮತ್ತೊಮ್ಮೆ ಸೂಜಿ ಹಾಕಿಸಬೇಕಂತೆ. ಬಾಟಲಿಯಲ್ಲಿ ಔಷಧಿ ಇರಲಿಲ್ಲ, ಏನಾಯಿತು ಎಂದು ಸುಧೀರನನ್ನು ಕೇಳಿದರಂತೆ.

"ನರ್ಸ್ ಮುಚ್ಚಳ ಸಮ ಹಾಕ್ಲಿಲ್ಲ ಕಾಂತ್. ದಾರಿಲಿ ಸೋರಿ ಹೋಯ್ತ್" ಎಂದ ಸುಧೀರ.

ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಅವನ ಹೆಂಡತಿ ಗೋಡೆಗೆ ಒರಗಿ ಕೂತು, "ನಂಗೆ ಮತ್ತೊಂದ್ ಸಲ ಆತಿಲ್ಲೆ" ಎಂದಳು. ಸುಧೀರ ಸಮಾಧಾನ ಹೇಳಿದ, ಬೈದ, ಮತ್ತೆ ಸಮಾಧಾನ ಹೇಳಿದ. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಬೋಟಿಗೆ ಹೋದ. ಇನ್ನು ಹತ್ತು ಹನ್ನೆರಡು ದಿನ ಸಮುದ್ರದಲ್ಲೇ. ಗಂಡಸರಿಗೆ ಅದೊಂದು ಅನುಕೂಲ.

ಐಸಿನಲ್ಲಿಟ್ಟದ್ದು ಒಂದು ರಾತ್ರಿಯಲ್ಲಿ ಹಾಳಾಗುವುದು ಹೇಗೆ? ನೋಡಲು ಬಾರದೆ ಹೀಗೆ ಹೇಳುತ್ತಾರೆ. ನಾನೇ ಹೋಗುತ್ತೇನೆ.

ಸೆಪ್ಟೆಂಬರ್ ೧೨, ಶುಕ್ರವಾರ

ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋದೆ. ಜರಿಯಂಚಿನ ಸೀರೆ ಉಟ್ಟುಕೊಂಡೇ ಹೋದೆ. ಮೀನಿನ ಹೆಂಗಸು ಬಂದಿದ್ದಾಳೆ ಎಂದು ಯಾರೂ ಬೆಂಚಿನ ಮೇಲೆ ಕೂರಿಸಿ ಕಾಯಿಸಬಾರದು. ಆದರೂ ಕಾಯಿಸಿದರು.

ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಚೂರು ನೀರು ಕುಡಿದು ಉಬ್ಬಿದೆಯಮ್ಮ. ಕಣಗಳು ಹಾಳಾಗಿಹೋಗಿವೆ. ಗಂಟು ಕೆಟ್ಟದ್ದೋ ಅಲ್ಲವೋ ನಾನು ಹೇಳಲಾರೆ. ತಡ ಮಾಡಬೇಡಿ" ಎಂದರು. ಐಸಿನಲ್ಲಿತ್ತಲ್ಲ ಎಂದೆ. "ಐಸಲ್ಲಿಡಲು ಯಾರು ಹೇಳಿದರು?" ಎಂದರು. ನನಗೆ ಯಾರೂ ಏನೂ ಹೇಳುವುದಿಲ್ಲ ಎಂದು ಎದ್ದು ಬಂದೆ.

ಹೊರಗೆ ಬಿಳಿ ಕೋಟಿನ ಹುಡುಗಿಯೊಬ್ಬಳು ಹಿಂದಿನಿಂದ ಓಡಿ ಬಂದಳು.

"ಅಜ್ಜಿ, ಒಂದ್ ನಿಮಿಷ. ಉಳ್ದ ಚೂರ್ ನಂಗೆ ಕೊಡ್ತ್ರ್ಯಾ?"

"ನಾನ್ ನಿನ್ನ ಅಜ್ಜಿ ಅಲ್ಲ."

"ತಪ್ಪಾಯ್ತ್. ನಾನ್ ಸ್ವಾತಿ. ಕೋಟೇಶ್ವರದವ್ಳ್. ಇಲ್ಲಿ ರಿಸರ್ಚ್ ಮಾಡ್ತಾ ಇದ್ದೆ. ನಿಮ್ ಅಂಗ್ಡಿ ಕಾಣೆ ಮೀನ್ ತಿಂದ್ ಬೆಳ್ದವ್ಳ್ ನಾನ್."

ಕೋಟೇಶ್ವರದ ಹುಡುಗಿ ಎಂದ ಮೇಲೆ ನಿಂತೆ. ಒಳಗೆ ಕರೆದುಕೊಂಡು ಹೋಗಿ ಫ್ರಿಜ್ಜಿನಿಂದ ಕಿರುಬೆರಳಿಗಿಂತ ಸಣ್ಣ ಕೊಳವೆ ತೆಗೆದು ತೋರಿಸಿದಳು. ಒಳಗೆ ಕಾಲು ಚಮಚವೂ ಇಲ್ಲದ ನೀರು. ಅದು ಮೊಲದ ರಕ್ತದಿಂದ ಬಂದದ್ದಂತೆ. ಪ್ರತಿಕಾಯ ಎನ್ನುತ್ತಾರಂತೆ.

"ಕಣ ಒಂದಿದ್ದದ್ ಎರಡಾಪ್ ಹೊತ್ತಿಗೆ ಮಾತ್ರ ಅದ್ರೊಳ್ಗೆ ಒಂದ್ ಪ್ರೋಟೀನ್ ಗುರ್ತ್ ಹಾಕ್ಕಂತ್. ಇದ್ ಹೋಯಿ ಆ ಗುರ್ತನ್ನೇ ಹಿಡಿತ್, ಒಂದನ್ನೂ ಬಿಡುದಿಲ್ಲೆ. ಬೇರೆ ಎಂತದ್ನೂ ಮುಟ್ಟುದಿಲ್ಲೆ. ಮೇಲೆ ಬಣ್ಣ ಹಾಕ್ರೆ ಹಿಡ್ದಲ್ಲೆಲ್ಲ ಕಂದು ಚುಕ್ಕಿ ಕಾಂತ್."

"ಚುಕ್ಕಿ ಜಾಸ್ತಿ ಇದ್ರೆ?"

"ಗಂಟ್ ಜೋರ್ ಬೆಳ್ಕಂಡ್ ಓಡ್ತಾ ಇತ್ ಅಂತ."

"ಹಾಂಗಾರೆ ಹಾಕಿ ಕಾಣ್. ಮತ್ತೊಂದ್ ಸೂಜಿ ಎಂತಕೆ?"

ಅವಳು ಕೊಳವೆಯ ಮೇಲಿನ ಚೀಟಿ ತೋರಿಸಿದಳು. ಇಂಗ್ಲಿಷಿನಲ್ಲಿತ್ತು. ಓದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಪಾಸಾದವಳು ನಾನು. ಸಂಶೋಧನೆಗೆ ಮಾತ್ರ, ರೋಗ ಪತ್ತೆ ಮಾಡಲು ಅಲ್ಲ ಎಂದಿತ್ತು. "ಇದ್ರಲ್ಲಿ ಕಂಡದ್ದನ್ನ ರಿಪೋರ್ಟ್ ಅಂತ ಕೊಡುಕಾತಿಲ್ಲೆ. ಸಮ ಇಲ್ದಿದ್ ಚೂರಲ್ಲಿ ಇದ್ ಎಂತ ಮಾಡ್ತ್ ಕಾಂಬುಕೆ ನಂಗೆ ಬೇಕ್" ಎಂದಳು.

ಸಮ ಇಲ್ಲದ ಚೂರು. ನನ್ನ ಮುಖಕ್ಕೇ ಹೇಳಿದಳು. ಆದರೂ ಹಾಕಲಿ. ಕಂಡರೆ ಕಾಣಲಿ. ಸುಧೀರನ ಹೆಂಡತಿಯ ಒಪ್ಪಿಗೆ ಬೇಕೆಂದು ಒಂದು ಕಾಗದ ಕೊಟ್ಟಳು. ಮಾಂಸ ಅವಳದ್ದಲ್ಲವೇ ಎಂದಳು. ಅದು ಸರಿ.

ಸೆಪ್ಟೆಂಬರ್ ೧೩, ಶನಿವಾರ

ಸಹಿ ಹಾಕಿದಳು. ಹಾಕುವಾಗ, "ಮತ್ತೆ ಸೂಜಿ ಇಲ್ಲೆ ಅಲ್ದಾ ಅತ್ತೆ?" ಎಂದು ಕೇಳಿದಳು.

ಇಲ್ಲ ಎಂದೆ.

ಸೆಪ್ಟೆಂಬರ್ ೧೮, ಗುರುವಾರ

ಚುಕ್ಕಿ ಇಲ್ಲ.

ನಾನೇ ಕಣ್ಣಿಟ್ಟು ನೋಡಿದೆ. ಸ್ವಾತಿಯ ಲ್ಯಾಬಿನ ಮೈಕ್ರೋಸ್ಕೋಪಿನೊಳಗೆ ನೋಡಲು ಮೊದಲು ಕಣ್ಣು ಕೂರಲಿಲ್ಲ, ನನ್ನದೇ ರೆಪ್ಪೆ ಕಾಣುತ್ತಿತ್ತು. ಆಮೇಲೆ ಕೂತಿತು. ತೆಳು ನೀಲಿ, ನೆರೆ ನೀರಿನ ಹಾಗೆ ಕದಡಿದ್ದು. ಎಲ್ಲೋ ಒಂದೆರಡು ಮಸುಕು ಕಲೆ. ಸರಿ ಇಟ್ಟ ಚೂರು ಹೇಗಿರುತ್ತದೆಂದು ಸ್ವಾತಿ ಬೇರೆ ಗಾಜು ಹಾಕಿ ತೋರಿಸಿದಳು. ಯಾರದ್ದೋ ಗಂಟಲ ಗ್ರಂಥಿಯದ್ದಂತೆ. ಅದರಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಕಂದು ಚುಕ್ಕಿ, ಒಂದೊಂದೂ ಸ್ಪಷ್ಟ.

"ಆಯ್ತಲ್ಲ. ನಮ್ದ್ರಲ್ಲಿ ಇಲ್ಲೆ" ಎಂದೆ.

"ಕಾಣ್ದಿದ್ರೆ ಇಲ್ಲೆ ಅಂತ ಅಲ್ಲ, ಜಲಜಮ್ಮ. ಇತ್ತೇನೋ, ಅಳ್ಸಿ ಹೋಯ್ತೇನೋ. ಇದ್ ನಂಬ್ಕಂಡ್ ಮನಿಲಿ ಕೂಕಣ್ಬೇಡಿ. ನಿಮ್ ಸೊಸೆಗೆ ಮತ್ತೊಂದ್ ಸಲ ಸೂಜಿ ಹಾಕ್ಸಿ."

"ನಿನ್ನ ನೀರ್ ಎಂತದ್ನೂ ಬಿಡುದಿಲ್ಲೆ ಅಂದವ್ಳ್ ನೀನೇ."

"ಇದ್ದದ್ನ ಬಿಡುದಿಲ್ಲೆ. ಹೋದದ್ನ ಎಲ್ಲಿಂದ ಹಿಡಿತ್?"

ಕಲಿತವರಿಗೆ ಎರಡೂ ಕಡೆ ಬಾಯಿ. ನಾನು ಕಣ್ಣಾರೆ ಕಂಡದ್ದನ್ನು ಮನೆಗೆ ಬಂದು ಹೇಳಿದೆ. ಏನೂ ಇಲ್ಲ, ಕೆಟ್ಟದ್ದು ಇಲ್ಲ, ನಾನೇ ನೋಡಿದೆ ಎಂದೆ. ಸುಧೀರನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಕೊಂಡು ಉಂಡಳು. ವಾರದಿಂದ ಅವಳು ಸರಿಯಾಗಿ ಉಂಡಿರಲಿಲ್ಲ ಎಂದು ಆಗ ನನಗೆ ಗೊತ್ತಾಯಿತು.

ಸೆಪ್ಟೆಂಬರ್ ೧೯, ಶುಕ್ರವಾರ

ಪಕ್ಕದ ಅಂಗಡಿಯ ಅಪ್ಪಿ ಕೇಳಿದಳು. "ಸೊಸೆಗೆ ಎಂತೋ ಹುಷಾರಿಲ್ಲ ಅಂಬ್ರ್?" ಎಲ್ಲ ಸರಿ ಇದೆ ಎಂದು ಊರಿಗೇ ಕೇಳುವ ಹಾಗೆ ಹೇಳಿದೆ. ಒಳ್ಳೆ ವ್ಯಾಪಾರ. ಬೂತಾಯಿ ಮೀನು ಹತ್ತು ಗಂಟೆಯೊಳಗೆ ಖಾಲಿ.

ಸೆಪ್ಟೆಂಬರ್ ೨೨, ಸೋಮವಾರ

ವಿನಯಾ ಬಟ್ಟೆ ಹಿಂಡುತ್ತಿದ್ದಳು. ಎಡಗೈ ಎತ್ತಿ ಹಗ್ಗಕ್ಕೆ ಹಾಕಲು ಹೋದವಳು ಅರ್ಧಕ್ಕೇ ಇಳಿಸಿ ಬಲಗೈಯಲ್ಲಿ ಹಾಕಿದಳು. ನಾನು ನೋಡಿದ್ದನ್ನು ಅವಳು ನೋಡಿದಳು. "ರವಿಕೆ ಬಿಗಿ ಆಯ್ತ್ ಅತ್ತೆ" ಎಂದಳು. ಹೊಸ ರವಿಕೆ, ಚೌತಿಗೆ ಹೊಲಿಸಿದ್ದು.

ಬಟ್ಟೆ ನಾನು ಹಾಕಿದೆ.

ಮಧ್ಯಾಹ್ನ ಸ್ವಾತಿಯ ಫೋನು. ಸೂಜಿ ಹಾಕಿಸಿದಿರಾ ಎಂದು. ಇದು ಮೂರನೆಯ ಸಲ. ಸಿಟ್ಟು ಬಂತು.

"ಐಸಲ್ಲಿಟ್ಟದ್ ಅಳ್ಸಿ ಹೋತ್, ಆ ವಿಷದಲ್ಲಿಟ್ಟದ್ ಉಳಿತ್. ಇದ್ನ ನಂಬುಕೆ ನಾನ್ ಮೀನ್ ಮಾರುದ್ ಬಿಡ್ಕ್."

"ವಿಷವೇ ಹೌದ್. ಮುಟ್ಟಿದ್ ಕೂಡ್ಲೆ ಕಣ ಇದ್ದಲ್ಲೇ ನಿಂತ್ ಹೋತ್. ಎರಡಾಯಿ ಒಡಿತಾ ಇದ್ದದ್ ಒಡಿತಾ ಇದ್ ಹಾಂಗೇ. ಐಸ್ ನಿಧಾನ ಮಾಡ್ತ್, ಅಷ್ಟೇ. ನಿಲ್ಸುದಿಲ್ಲೆ."

"ಮೀನಲ್ಲೂ ಹೀಂಗೇ ಒಡಿತಾ?"

"ಒಡಿತ್. ಆ ಪ್ರೋಟೀನ್ ಮೀನಿಗೂ ನಮ್ಗೂ ಒಂದೇ ನಮೂನಿ. ನನ್ ಪ್ರತಿಕಾಯ ಎರಡನ್ನೂ ಹಿಡಿತ್."

"ಹಾಂಗಾರೆ ಮೀನ್ ನಾನ್ ತತ್ತೆ. ಅರ್ಧ ನೀನ್ ಇಡ್, ಅರ್ಧ ನಾನ್ ಇಡ್ತೆ. ಯಾರ್ ಗೆಲ್ತ್ರ್ ಕಾಂಬ."

"ಜೀವ ಇದ್ ಮೀನ್ ತನ್ನಿ" ಎಂದಳು. ಹುಡುಗಿಗೆ ಧೈರ್ಯ ಇದೆ.

ಸೆಪ್ಟೆಂಬರ್ ೨೪, ಬುಧವಾರ

ಬೆಳಿಗ್ಗೆ ಅಳಿವೆಯ ಬಾಯಲ್ಲಿ ಬಲೆ ಎಳೆದವರಿಂದ ಎರಡು ಕಾಣೆ ಮೀನು ಕೊಂಡೆ, ಬಕೆಟ್ಟಿನ ನೀರಿನಲ್ಲಿ ಬಾಲ ಬಡಿಯುತ್ತಿದ್ದವು. ಗುಡ್ಡನ ಟೆಂಪೊದಲ್ಲಿ ಮುಂದೆ ಕೂತು ಬಕೆಟ್ಟನ್ನು ಕಾಲಿನ ನಡುವೆ ಹಿಡಿದುಕೊಂಡೇ ಹೋದೆ. "ಮೀನಿಗ್ ಊರ್ ತೋರ್ಸುಕ್ ಹೋಪ್ದಾ?" ಎಂದ. ಅವನಿಗೆ ಬಾಯಿ ಜಾಸ್ತಿಯಾಗಿದೆ.

ಸ್ವಾತಿ ಮೀನು ಸೀಳಿ ಕರುಳಿನ ತುಂಡು ಮಾಡಿದಳು. ಕತ್ತಿ ಹಿಡಿಯುವ ರೀತಿ ಸಾಲದು. ಅವಳ ಪಾಲನ್ನು ಬಾಟಲಿಗೆ ಹಾಕಲು ಹೊರಟಾಗ ನಾನು ತಡೆದೆ. ಮೋಸ ಇರಬಾರದು, ಎರಡೂ ನನ್ನ ಕೈಯಿಂದಲೇ ಆಗಲಿ ಎಂದೆ.

ಇಷ್ಟು ವರ್ಷದಲ್ಲಿ ನನ್ನ ಕೈಯಾರೆ ಫಾರ್ಮಲಿನ್ನಿಗೆ ಹಾಕಿದ ಮೊದಲ ಮೀನು. ಕಣ್ಣು ಉರಿಯಿತು. ಆ ಗಾಳಿಗೆ ಯಾರಿಗಾದರೂ ಉರಿಯುತ್ತದೆ.

ಆಮೇಲೆ ನನ್ನ ಪಾಲು. ಸ್ವಾತಿ ಹೇಳಿದಳು. "ಆ ಚೂರನ್ನ ಹ್ಯಾಂಗ್ ಮಾಡಿದ್ರೋ ಹಾಂಗೇ ಮಾಡಿ." ಯಾರು ಮಾಡಿದರು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವಳ ಬಾಟಲಿಯ ನೀರಿಗೆ ಒಮ್ಮೆ ಅದ್ದಿ ತೆಗೆದೆ, ಮೂರು ನೀರಿನಲ್ಲಿ ತೊಳೆದೆ, ಪುಡಿ ಐಸು ಹಾಸಿದೆ, ಇಟ್ಟೆ, ಮೇಲೆ ಮತ್ತೆ ಐಸು ಮುಚ್ಚಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ನಾಳೆ ಬೆಳಿಗ್ಗೆ ತೆಗೆದು ಮುಂದಿನ ಕೆಲಸ ಮಾಡುತ್ತಾಳಂತೆ.

ಐಸು ಚೆನ್ನಾಗಿ ಕೂತಿತ್ತು. ನನ್ನದೇ ಗೆಲ್ಲುತ್ತದೆ.

ಸೆಪ್ಟೆಂಬರ್ ೨೭, ಶನಿವಾರ

ಎರಡು ಗಾಜು. ಯಾವುದು ಯಾವುದೆಂದು ಹೇಳಬೇಡ, ಚೀಟಿ ಮುಚ್ಚಿಡು, ನಾನೇ ಆರಿಸುತ್ತೇನೆ ಎಂದೆ. ಮಾರ್ಕೆಟ್ಟಿನಲ್ಲಿ ಯಾರ ಮೀನು ಎಂದು ಕೇಳಿ ಆರಿಸುವವರಿಗೆ ಮೀನು ಗೊತ್ತಿಲ್ಲ ಎಂದೇ ಅರ್ಥ.

ಮೊದಲನೆಯದು ಕದಡಿ ಹೋಗಿತ್ತು. ಅಂಚು ಕಳಚಿ, ಬಣ್ಣ ಮಂಕಾಗಿ, ನೋಡಿದ ಕೂಡಲೇ ಬೇಡ ಎನಿಸುವಂಥದ್ದು. ಚುಕ್ಕಿ ಎಂದು ಹೇಳುವಂಥದ್ದು ಸಿಗಲಿಲ್ಲ.

ಎರಡನೆಯದು ನೋಡಿ ಮನಸ್ಸು ತಂಪಾಯಿತು. ಕರುಳಿನ ಮಡಿಕೆ ಮಡಿಕೆಯೂ ನೆಟ್ಟಗೆ ನಿಂತಿತ್ತು. ಮಡಿಕೆಗಳ ಬುಡದಲ್ಲಿ ಸಾಲಾಗಿ ಕಂದು ಚುಕ್ಕಿ. ಒಂದು ಚುಕ್ಕಿ ನಡುವೆ ಸೀಳಿಕೊಂಡು ಎರಡಾಗುತ್ತಾ ಅಲ್ಲೇ ನಿಂತಿತ್ತು. ಹೆಜ್ಜೆ ಎತ್ತಿದವರನ್ನು ಯಾರೋ ಕರೆದು ನಿಲ್ಲಿಸಿದ ಹಾಗೆ.

"ಇದ್ ನನ್ನದ್. ಐಸಿಂದ್. ಇಷ್ಟ್ ಫ್ರೆಶ್ ಬೇರೆ ಯಾವ್ದೂ ಇಪ್ಪುಕೆ ಸಾಧ್ಯ ಇಲ್ಲೆ" ಎಂದೆ.

ಸ್ವಾತಿ ಗಾಜು ತೆಗೆದು ಚೀಟಿಯ ಮೇಲಿನ ಕಾಗದ ಬಿಡಿಸಿ ನನ್ನ ಕೈಗೆ ಕೊಟ್ಟಳು.

ಕನ್ನಡಕ ಒರೆಸಿಕೊಂಡು ಓದಿದೆ. ಮತ್ತೆ ಒರೆಸಿಕೊಂಡು ಓದಿದೆ. ಮೊದಲನೆಯ ಗಾಜನ್ನು ಇನ್ನೊಮ್ಮೆ ಇಡಿಸಿ ನೋಡಿದೆ. ನೆರೆ ನೀರಿನ ಹಾಗೆ ಕದಡಿದ್ದು. ಇದನ್ನು ನಾನು ಮೊದಲೂ ನೋಡಿದ್ದೆ. ಅವತ್ತು ಮೀನಿನದ್ದಾಗಿರಲಿಲ್ಲ.

"ಐಸ್ ಒಂದೇ ಅಲ್ಲ ಜಲಜಮ್ಮ. ನೀರಲ್ಲಿ ತೊಳ್ದದ್ ದೊಡ್ಡ ಪೆಟ್ಟ್" ಎಂದಳು ಸ್ವಾತಿ, ಮೆಲ್ಲಗೆ.

"ತಿಂಬುಕೆ ಐಸಿಂದೇ ಒಳ್ಳೇದ್" ಎಂದೆ.

"ತಿಂಬುಕೆ ಐಸಿಂದೇ" ಎಂದಳು. ನಗಲಿಲ್ಲ. ನಕ್ಕಿದ್ದರೆ ನಾನು ಮತ್ತೆ ಅಲ್ಲಿಗೆ ಕಾಲಿಡುತ್ತಿರಲಿಲ್ಲ.

ಸೋಮವಾರ ಕುಂದಾಪುರದಲ್ಲಿ ಮತ್ತೆ ಸೂಜಿ ಹಾಕಿಸಿ ಚೂರು ತರುತ್ತೇನೆ, ಡಾಕ್ಟರಿಗೆ ಹೇಳಿಡು ಎಂದೆ. ನಿನ್ನ ಕೊಳವೆಯದ್ದಲ್ಲ, ಡಾಕ್ಟರು ಬರೆದುಕೊಡುವ ರಿಪೋರ್ಟು ಬೇಕು ಎಂದೆ. ಅವಳ ಕೊಳವೆಯ ಮೇಲೆ ಬರೆದದ್ದನ್ನು ಅವಳು ಮೀರಲಿಲ್ಲ, ನಾನು ಎಷ್ಟು ಒತ್ತಾಯ ಮಾಡಿದರೂ. ಬೋರ್ಡು ಬರೆಸಿದ ಮೇಲೆ ಹಾಗೇ ಇರಬೇಕು. ಆ ಹುಡುಗಿಯ ಬಗ್ಗೆ ಅಷ್ಟು ಹೇಳಬಹುದು.

ಸೆಪ್ಟೆಂಬರ್ ೨೮, ಭಾನುವಾರ

ವಿನಯಾ ಕಲ್ಲಿನ ಮುಂದೆ ಕೂತು ಮಸಾಲೆ ಅರೆಯುತ್ತಿದ್ದಳು. ಮಿಕ್ಸಿ ಇದೆ, ಆದರೆ ಮೀನಿಗೆ ಕಲ್ಲಿನದ್ದೇ ಆಗಬೇಕೆಂದು ನಾನೇ ಮಾಡಿದ ಕ್ರಮ. ಎದುರು ನಿಂತು ಹೇಳಿದೆ.

"ಆ ಬಾಟ್ಲಿ ನೀರ್ ಸೋರಿದ್ದಲ್ಲ. ನಾನ್ ಚೆಲ್ಲಿದ್ದ್."

"ಗೊತ್ತಿತ್ ಅತ್ತೆ." ಕೈ ನಿಲ್ಲಿಸಲಿಲ್ಲ. "ಮರ್ದಿನ ಹಿತ್ಲಲ್ಲಿ ಬಸಳೆ ಬಳ್ಳಿ ಬಾಡಿ ಬಿದ್ದಿತ್ತ್."

"ಗೊತ್ತಿದ್ ಮತ್ತೆ ಬಾಯಿಗೆ ಎಂತ ಹೊಲ್ಗಿ ಹಾಕಿದ್ಯಾ?"

"ನಂಗೂ ರಿಪೋರ್ಟ್ ಬಪ್ಪುದ್ ಬೇಡ ಇತ್ತ್. ನೀವ್ ಚೆಲ್ಲಿದ್ ಒಳ್ಳೇದಾಯ್ತ್ ಅಂದ್ಕಂಡೆ. ನೀವ್ ಏನೂ ಇಲ್ಲೆ ಅಂದಾಗ ನಂಬ್ಲೂ ಇಲ್ಲೆ. ಆದ್ರೂ ಹೊಟ್ಟೆ ತುಂಬ ಉಂಡೆ."

ಇಷ್ಟು ಉ‌ದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ. ನಾಳೆ ಹೊರಡು, ಮತ್ತೆ ಸೂಜಿ ಹಾಕಿಸಬೇಕು ಎಂದೆ.

"ಬತ್ತಿಲ್ಲೆ."

ಈ ಮನೆಯಲ್ಲಿ ನನಗೆ ಇಲ್ಲ ಎಂದವರು ಯಾರೂ ಇಲ್ಲ. ನನ್ನ ಗಂಡನೂ ಹೇಳಿದ್ದಿಲ್ಲ. ಬೈಯಲೆಂದು ಬಾಯಿ ತೆರೆದೆ. ಅವಳು ಎಡಗೈಯನ್ನು ಮಡಿಲಲ್ಲಿಟ್ಟು ಬಲಗೈಯೊಂದರಲ್ಲೇ ಅರೆಯುತ್ತಿದ್ದಳು. ಎಷ್ಟು ದಿನದಿಂದ ಹಾಗೆ ಅರೆಯುತ್ತಿದ್ದಳೋ. ಸಾರು ಉಂಡವಳು ನಾನು.

ಅವಳ ಎದುರು ನೆಲದ ಮೇಲೆ ಕೂತೆ. ಮಂಡಿ ನೋವು ಜೋರಾಗಿದೆ, ಕೂತರೆ ಏಳುವುದು ಕಷ್ಟ.

"ಬಾಟ್ಲಿ ಈ ಸಲ ನಾನ್ ಹಿಡ್ಕಂತೆ. ನೀರ್ ಸಮೇತ. ಕೋಡಿಯವ್ರೆಲ್ಲ ಕಾಂಬ ಹಾಂಗೆ."

ಅವಳ ಕೈ ಈಗ ನಿಂತಿತು. "ನೀವಾ? ಫಾರ್ಮಲಿನಾ? ಅಂಗ್ಡಿ ಎದ್ರಿಗಾ?"

"ಹೌದ್."

"ಮತ್ತೆ ಬೋರ್ಡ್?"

"ಬೋರ್ಡ್ ನಾನ್ ಕಾಣ್ಕಂತೆ. ನೀನ್ ಹೊರಡ್."

ನನ್ನ ಮುಖ ನೋಡಿ, "ಮಸಾಲೆ ಇನ್ನೂ ನುಣ್ಣಗಾಯ್ಲಿಲ್ಲ ಅತ್ತೆ" ಎಂದಳು. ಆಚೆ ಸರಿ ಎಂದು ಹೇಳಿ ಗುಂಡುಕಲ್ಲು ನಾನು ತೆಗೆದುಕೊಂಡೆ.

ಸೆಪ್ಟೆಂಬರ್ ೨೯, ಸೋಮವಾರ

ಕುಂದಾಪುರದಲ್ಲಿ ಸೂಜಿ ಹಾಕುವಾಗ ನಾನು ಒಳಗೇ ಇದ್ದೆ. ಹೊರಗಿರಿ ಎಂದರು, ಹೋಗಲಿಲ್ಲ. ವಿನಯಾ ನನ್ನ ಬಳೆಗಳನ್ನು ಹಿಡಿದುಕೊಂಡಳು, ಎರಡು ಒಡೆದವು. ಚೂರು ಸೂಜಿಯಿಂದ ಬಾಟಲಿಗೆ ಬೀಳುವವರೆಗೆ ಕಣ್ಣು ತೆಗೆಯಲಿಲ್ಲ. ನೀರು ಚೂರಿನ ಮೇಲೆ ನಿಲ್ಲುವಷ್ಟಿದೆಯೇ ಎಂದು ಕೇಳಿದೆ. ಮುಚ್ಚಳ ನಾನೇ ಬಿಗಿ ಮಾಡಿದೆ.

ಬಸ್ಸಿನಲ್ಲಿ ನೇರ ಬ್ರಹ್ಮಾವರಕ್ಕೆ ಹೋಗಬಹುದಿತ್ತು. ಆದರೆ ಹೇಳಿದ್ದೆನಲ್ಲ. ರಿಕ್ಷಾ ಕೋಡಿಗೆ ತಿರುಗಿಸಿದೆ. ಗುಡ್ಡನ ಟೆಂಪೊ ತುಂಬುವವರೆಗೆ ಅಂಗಡಿಯಲ್ಲಿ, ಬೋರ್ಡಿನ ಕೆಳಗೆ, ನನ್ನ ಸ್ಟೂಲಿನ ಮೇಲೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ವಿನಯಾ ಪಕ್ಕದಲ್ಲಿ ಕೂತಳು. ಮುಚ್ಚಿದ್ದರೂ ಆ ವಾಸನೆ ಸ್ವಲ್ಪ ಬರುತ್ತದೆ. ಮೀನಿನವರ ಮೂಗಿಗೆ ಅಷ್ಟು ಸಾಕು.

ಮೊದಲು ಅಪ್ಪಿಯೇ ಎದ್ದು ಬಂದಳು.

"ಹ್ವಾಯ್ ಜಲಜಕ್ಕ, ಮಡ್ಲಲ್ಲಿ ಎಂತ ಅದ್?"

"ಫಾರ್ಮಲಿನ್."

ಬೂತಾಯಿ ಎಣಿಸುತ್ತಿದ್ದವರ ಕೈ ನಿಂತಿತು. ಕೋಟೇಶ್ವರದ ಕಾರಿನವರು ಇಬ್ಬರಿದ್ದರು. ಒಬ್ಬರು ಚೀಲ ಮಡಚಿಕೊಂಡು ಅಪ್ಪಿಯ ಅಂಗಡಿಯ ಕಡೆ ಸರಿದರು.

"ಅಯ್ಯಬ್ಬ, ನಿಮ್ ಕೈಲೇ ಕಾಂಬ ಹಾಂಗಾಯ್ತಲ್ಲ. ಇನ್ ಬೋರ್ಡ್ ಇಳ್ಸುದಾ?" ಎಂದಳು ಅಪ್ಪಿ.

"ಬೋರ್ಡಲ್ಲಿ ಬರ್ದದ್ ಮೀನಿನ್ ವಿಷ್ಯ. ಇದ್ ನನ್ನ ಸೊಸೆ ವಿಷ್ಯ. ಇದ್ರಲ್ಲಿಪ್ಪುದ್ ಅವ್ಳ ಮಾಂಸ. ಮೂಸಿ ಕಾಣ್ಕ್ ಅಂದ್ರೆ ಬಾ, ಮುಚ್ಚಳ ತೆಗಿತೆ."

ಯಾರೂ ಬರಲಿಲ್ಲ. ಅಪ್ಪಿ ವಿನಯಾಳ ಹತ್ತಿರ ಹೋಗಿ, "ನೀರ್ ಕುಡಿತ್ಯಾ ಹೆಣ್ಣೆ?" ಎಂದು ಕೇಳಿ ಅವಳ ಅಂಗಡಿಯಿಂದ ಚೊಂಬು ತಂದುಕೊಟ್ಟಳು. ಚೀಲ ಮಡಚಿದವರು ವಾಪಸು ಬರಲಿಲ್ಲ. ಹೋಗಲಿ.

ಬ್ರಹ್ಮಾವರದವರೆಗೆ ಗುಡ್ಡ ಹೊಂಡ ನೋಡಿ ನೋಡಿ ಗಾಡಿ ಬಿಟ್ಟ.

ಅಕ್ಟೋಬರ್ ೮, ಬುಧವಾರ

ಕೆಟ್ಟದ್ದೇ. ಓಡುವಂಥದ್ದೇ.

ಡಾಕ್ಟರು ಕೂರಿಸಿ ಹೇಳಿದರು. ಕಂಕುಳಿಗೆ ಹೋದ ಹಾಗೆ ಕಾಣುವುದಿಲ್ಲ. ವೇಗವಾಗಿ ಒಡೆಯುವ ಕಣವನ್ನೇ ಹುಡುಕಿ ಹೊಡೆಯುವ ಮದ್ದಿದೆ, ಮೊದಲು ಅದು, ಆಮೇಲೆ ಆಪರೇಷನ್. ಈಗ ಬಂದದ್ದು ಒಳ್ಳೆಯದಾಯಿತು, ದೀಪಾವಳಿ ಕಳೆದು ನೋಡುವ ಎಂದಿದ್ದರೆ ಮಾತೇ ಬೇರೆ ಇತ್ತು ಎಂದರು. ಸುಧೀರ ನೆಲ ನೋಡುತ್ತಿದ್ದ. ವಿನಯಾ ಡಾಕ್ಟರನ್ನೇ ನೋಡುತ್ತಿದ್ದಳು. ಕೂದಲು ಹೋಗುತ್ತದಾ ಎಂದು ಕೇಳಿದಳು. ಹೋಗುತ್ತದಂತೆ. ಕೂದಲು ಬರುತ್ತದೆ, ಕೂದಲಿಗೆ ಏನಾಗಬೇಕಿದೆ ಎಂದು ನಾನು ಹೇಳಿದೆ. ಸ್ವಲ್ಪ ಗಟ್ಟಿಯಾಗಿ ಹೇಳಿದೆನೇನೋ, ಹೊರಗಿದ್ದವರು ಇಣುಕಿದರು.

ಬರುವಾಗ ಸ್ವಾತಿ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವಳೂ ತನ್ನ ಕೊಳವೆಯಿಂದ ಹಾಕಿ ನೋಡಿರುತ್ತಾಳೆ, ನನಗೆ ಗೊತ್ತು. ಕೇಳಲಿಲ್ಲ. ಅವಳೂ ಹೇಳಲಿಲ್ಲ. ಒಂದು ಕಾಣೆ ಕೊಟ್ಟು ಬಂದೆ, ಐಸಿನದ್ದು.

ಅಕ್ಟೋಬರ್ ೧೪, ಮಂಗಳವಾರ

ಮೊದಲ ಮದ್ದು ಆಯಿತು. ನಾನೇ ಕೂತಿದ್ದೆ. ಅಂಗಡಿಗೆ ಸುಧೀರ.

ಅಕ್ಟೋಬರ್ ೧೮, ಶನಿವಾರ

ವಿನಯಾಳಿಗೆ ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿನ್ನೆ ಪಕ್ಕದ ಮನೆಯಲ್ಲಿ ಬಂಗಡೆ ಕಾಯಿಸಿದ ಹೊಗೆ ಕಿಟಕಿಯಿಂದ ಬಂದದ್ದಕ್ಕೇ ಬಚ್ಚಲಿಗೆ ಓಡಿದಳು. ವಾಂತಿಯ ಸದ್ದು ಮುಚ್ಚಿಡಲು ನಲ್ಲಿ ಬಿಟ್ಟುಕೊಂಡಳು. ಇನ್ನು ಮುಚ್ಚಿಡುವ ಕೆಲಸ ಇಲ್ಲ ಎಂದು ಬಾಗಿಲ ಹೊರಗಿನಿಂದ ಹೇಳಿದೆ.

ಇವತ್ತು ಸುಧೀರ ಬಂದರಿನಿಂದ ಒಳ್ಳೆಯ ಅಂಜಲ್ ಹಿಡಿದುಕೊಂಡು ಬಂದ. ಕಣ್ಣು ಹೊಳೆಯುತ್ತಿತ್ತು, ಮೀನಿನದ್ದು. ಜಗಲಿಯಲ್ಲೇ ತಡೆದೆ.

"ಈ ಮನಿಯೊಳ್ಗೆ ಮೀನ್ ಬಪ್ಪುಕಿಲ್ಲೆ" ಎಂದೆ.

"ಎಂತ ಅಮ್ಮ, ತಲೆ ಸಮ ಇತ್ತಾ? ಮತ್ತೆ ನಾವ್ ತಿಂಬ್ದ್ ಎಂತ?"

ಬೆಳಿಗ್ಗೆ ಚಂದ್ರ ಬಂದು ಹೋಗಿದ್ದ. ಹರಿವೆ ಅಡುಗೆಮನೆಯ ಕಟ್ಟೆಯ ಮೇಲಿತ್ತು, ಕಟ್ಟು ಬಿಚ್ಚಿ ತೊಳೆದಿಟ್ಟಿದ್ದೆ. ಅದನ್ನು ತೋರಿಸಿದೆ. ಬಾಯಿ ಮುಚ್ಚಿ ಕೈಕಾಲು ತೊಳೆದು ಬಾ ಎಂದೆ.